ಹೆಸರು ಒಂದೇ, ರುಚಿ ಎರಡು

ಊರು ಬಿಟ್ಟವನ ಜೊತೆ ಅವನ ಊಟವೂ ಊರು ಬಿಡುತ್ತದೆ. ಹೊಸ ಜಾಗದಲ್ಲಿ ಅದರ ಗತಿ ಏನಾಗುತ್ತದೆ ಎಂಬುದನ್ನು, ಬ್ಯಾಂಕಿನ ವರ್ಗಾವಣೆಯ ಮೇಲೆ ಕೋಡಂಬಾಕ್ಕಂಗೆ ಬಂದು ನೆಲೆಸಿದ ನಾನು ದಿನಾ ನೋಡುತ್ತಿರುತ್ತೇನೆ.

ಇಲ್ಲಿನ ಹೋಟೆಲುಗಳಲ್ಲಿ ‘ಮಸಾಲ ದೋಸೈ’ ಒಂದು, ‘ಮೈಸೂರು ಮಸಾಲ ದೋಸೈ’ ಇನ್ನೊಂದು. ಎರಡನೆಯದನ್ನು ತರಿಸಿ ನೋಡಿದರೆ ಒಳಗೆ ಕೆಂಪು ಚಟ್ನಿ ಸವರಿರುತ್ತಾರೆ, ಅಷ್ಟೆ! ನಮ್ಮ ಬೆಂಗಳೂರು, ಮೈಸೂರಿನ ಕಡೆ ಸಾಮಾನ್ಯವಾಗಿ ಮಸಾಲೆ ದೋಸೆ ಅಂದ್ರೇನೇ ಅದು. ಅದಕ್ಕೆ ಊರಿನ ಹೆಸರು ಅಂಟಿಸುವ ಅಗತ್ಯ ಬಿದ್ದದ್ದು ಗಡಿ ದಾಟಿದ ಮೇಲೆ.

ಸಾಂಬಾರಿನದು ಇನ್ನೂ ದೊಡ್ಡ ಕಥೆ. ಉಡುಪಿಯ ಕಡೆ ಕೊತ್ತಂಬರಿ, ಮೆಂತ್ಯ, ಉದ್ದಿನಬೇಳೆ, ಒಣಮೆಣಸು ಹುರಿದು, ತೆಂಗಿನಕಾಯಿ ಜೊತೆ ರುಬ್ಬಿ, ಚೂರು ಬೆಲ್ಲ ಹಾಕುತ್ತಾರೆ. ಮಠದ ಅಡಿಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಗೆ ಜಾಗವಿಲ್ಲ. ಇಲ್ಲಿ ದಿನನಿತ್ಯದ ಸಾಂಬಾರು ಪುಡಿ ಹಾಕಿ ಮಾಡಿದ್ದು, ಸಣ್ಣ ಈರುಳ್ಳಿಯೇ ಅದರ ಜೀವ. ಕಾಯಿ ರುಬ್ಬಿ ಹಾಕಿದರೆ ಅದಕ್ಕೆ ‘ಅರೈಚ್ಚು ವಿಟ್ಟ ಸಾಂಬಾರ್’ ಎಂದು ಬೇರೆ ಹೆಸರು.

ಹಾಗಾದರೆ ಮದ್ರಾಸಿನ ಉಡುಪಿ ಹೋಟೆಲು ಯಾರ ರುಚಿಗೆ ಬಗ್ಗಬೇಕಿತ್ತು? ಕಡಂದಲೆ ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಹೆಸರನ್ನು ಈ ಊರಿನ ಮನೆಮಾತು ಮಾಡಿದವರು. 1962ರಲ್ಲಿ ಶುರುವಾದ ಅವರ ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಇಂಥ ಹೋಟೆಲುಗಳ ಮೇಜಿಗೆ ಕನ್ನಡಿಗರೂ ಬರುತ್ತಿದ್ದರು. 1954ರ ‘ಬೇಡರ ಕಣ್ಣಪ್ಪ’ದ ಕಾಲಕ್ಕೆ ಕನ್ನಡ ಚಿತ್ರಗಳು ಹೆಚ್ಚಾಗಿ ಇಲ್ಲಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವಲ್ಲ! ಆದರೆ ಕನ್ನಡಿಗರನ್ನಷ್ಟೇ ನಂಬಿಕೊಂಡು ಕೂತರೆ ಹೋಟೆಲು ನಡೆದೀತೆ? ಗಲ್ಲಾಪೆಟ್ಟಿಗೆ ತುಂಬಿಸುತ್ತಿದ್ದದ್ದು ತಮಿಳು ಗಿರಾಕಿ. ಜಮಾ ಎಲ್ಲಿಂದ ಬರುತ್ತದೋ, ರುಚಿ ಅತ್ತ ಸರಿಯುತ್ತದೆ.

ಇದು ನಮ್ಮೊಬ್ಬರ ಪಾಡಲ್ಲ. ಮೆಕ್ಸಿಕೋದವರ ರೊಟ್ಟಿಗೆ ಟೋರ್ಟಿಯಾ ಎಂದು ಹೆಸರು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬಿ ತಟ್ಟುತ್ತಾರೆ. ಅದರ ಮೆತ್ತಗಿನ ಮಡಿಕೆಯೊಳಗೆ ಪಲ್ಯವೋ ಮಾಂಸವೋ, ಮೇಲೆ ಈರುಳ್ಳಿ, ಕೊತ್ತಂಬರಿ ಸೊಪ್ಪು ಇಟ್ಟರೆ ‘ಟಾಕೋ’. ಪಕ್ಕದ ಟೆಕ್ಸಾಸಿನಲ್ಲಿ ಅದೇ ಟಾಕೋ ಗರಿಗರಿ ಚಿಪ್ಪಾಯಿತು, ಹಳದಿ ಚೀಸು ಬಂತು, ಜೀರಿಗೆ ಜಾಸ್ತಿಯಾಯಿತು. 1972ರಲ್ಲಿ ಡಯಾನಾ ಕೆನಡಿ ಎಂಬಾಕೆ ತಮ್ಮ ಪುಸ್ತಕದಲ್ಲಿ ಮೆಕ್ಸಿಕೋದ ಒಳನಾಡಿನ ಅಡಿಗೆಯೇ ಬೇರೆ ಎಂದು ಗೆರೆ ಎಳೆದ ಮೇಲೆ, ಟೆಕ್ಸಾಸಿನದು ‘ಟೆಕ್ಸ್-ಮೆಕ್ಸ್’ ಎಂದು ಪ್ರತ್ಯೇಕವಾಯಿತು. ತಮ್ಮದು ಅಸಲಿ ಅಲ್ಲ ಅಂದದ್ದು ಟೆಕ್ಸಾಸಿನ ಮೆಕ್ಸಿಕನ್ ಕುಟುಂಬಗಳಿಗೆ ನೋವಾಗದೇ ಇದ್ದೀತೆ? ತಲೆಮಾರುಗಳಿಂದ ಅವರು ಉಂಡದ್ದೇ ಅದು. ಇನ್ನೊಂದು ತಮಾಷೆ ನೋಡಿ: ಟೆಕ್ಸ್-ಮೆಕ್ಸ್‌ನ ಹೆಸರಾಂತ ‘ನಾಚೋ’ ಹುಟ್ಟಿದ್ದು 1943ರಲ್ಲಿ ಮೆಕ್ಸಿಕೋದ ಗಡಿ ಊರಲ್ಲೇ, ಇಗ್ನಾಸಿಯೋ ಅನಾಯಾ ಅವರ ಕೈಯಲ್ಲಿ, ಆಚೆಯಿಂದ ಬಂದ ಅಮೆರಿಕದ ಹೆಂಗಸರಿಗಾಗಿ.

ಈ ಜಗಳ ನಮ್ಮ ಮನೆಯೊಳಗೂ ಇದೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಸಾಂಬಾರ್ ಅಂದ್ರೆ ಇಲ್ಲಿನದು; ಅವಳ ಅಜ್ಜಿ ಮಾಡುತ್ತಿದ್ದದ್ದು ‘ಹುಳಿ’. ಊರಿಗೆ ಹೋದಾಗ ನೆಂಟರು ನಕ್ಕು, “ಏನಮ್ಮಾ, ಪೂರ್ತಿ ತಮಿಳಳಾಗಿಬಿಟ್ಯಲ್ಲ!” ಅಂತಾರೆ. ಆ ನಗುವಿನಿಂದ ಅವಳ ಮುಖ ಸಣ್ಣಗಾಗುವುದನ್ನು ನಾನು ಕಂಡಿದ್ದೇನೆ.

ಊರಿನಲ್ಲಿರುವ ನಿಮಗೆ ಹೇಳಬೇಕಾದದ್ದು ಇಷ್ಟೆ. ಎರಡು ರುಚಿಗೂ ಬೇರೆ ಬೇರೆ ಹೆಸರಿರಲಿ, ವ್ಯತ್ಯಾಸವನ್ನು ಬರೆದೂ ಇಡೋಣ. ಆದರೆ ಒಂದನ್ನು ಅಸಲು, ಇನ್ನೊಂದನ್ನು ನಕಲು ಎಂದು ಖಾತೆ ಬರೆಯುವುದು ಬೇಡ. ಆ ಬೇರೆ ರುಚಿಯನ್ನು ತಿಂದೇ ನಮ್ಮ ಮಕ್ಕಳು ದೊಡ್ಡವರಾದದ್ದು.