ಹೊಲ, ರೈಲು, ಕವಾಯತು: ಕಲಬುರಗಿ ಸೀಮೆಯ ಅರೆಕಾಲಿಕ ಸಿಪಾಯಿ

ವರ್ಷದ ಕೆಲವು ದಿನ ಬಂದೂಕು ಹಿಡಿದು, ಉಳಿದ ದಿನ ತನ್ನ ಕಸುಬು ನೋಡಿಕೊಳ್ಳುವ ಸಿಪಾಯಿ ಕಲಬುರಗಿ ಸೀಮೆಗೆ ಹೊಸಬನಲ್ಲ. ಸುರಪುರದ ನಾಯಕರ ಬೇಡ ಪಡೆ ಬಾಳಿದ್ದು ಹೀಗೆಯೇ. ಶಾಂತಿಯ ಕಾಲದಲ್ಲಿ ಹೊಲ, ಬೇಟೆ. ಕರೆ ಬಂದಾಗ ಅವರವರ ಆಯುಧ ಹೊತ್ತುಕೊಂಡು ದೊರೆಯ ಮುಂದೆ ಹಾಜರಿ. ಅವರಿಗೆ ತಿಂಗಳ ಸಂಬಳದ ಬದಲು ಮಾನ್ಯದ ಭೂಮಿ ಇತ್ತು. ಮೈಸೂರು ಸೀಮೆಯ ಕಂದಾಚಾರದವರು, ಕೊಡಗಿನ ಜಮ್ಮಾ ಹಿಡುವಳಿದಾರರು ಇದೇ ಏರ್ಪಾಡಿನ ಬೇರೆ ರೂಪಗಳು. ಕೊಡಗಿನಲ್ಲಿ ಜಮ್ಮಾ ಭೂಮಿಗೆ ಕಂದಾಯ ಕಡಿಮೆ, ಅದಕ್ಕೆ ಪ್ರತಿಯಾಗಿ ರಾಜನ ಕರೆಗೆ ಓಗೊಡುವ ಹೊಣೆ. ಸಿಪಾಯಿಯ ಖರ್ಚನ್ನು ಖಜಾನೆಗಿಂತ ಹೆಚ್ಚಾಗಿ ಹೊಲವೇ ಹೊರುತ್ತಿತ್ತು. ಅರೆಕಾಲಿಕ ಸೈನಿಕನ ಚರಿತ್ರೆಯೆಲ್ಲ ಕೊನೆಗೆ ಅವನ ಇನ್ನೊಂದು ಕಸುಬಿನ ಚರಿತ್ರೆಯೇ.

ಈ ಏರ್ಪಾಡಿನ ಬುಡ ಅಲುಗಿದ್ದು 1857-58ರಲ್ಲಿ. ಜನರ ಕೈಯಲ್ಲಿನ ಆಯುಧ ಕಸಿದುಕೊಳ್ಳಲು ಬ್ರಿಟಿಷರು ಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದರು. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಸೋತು ಸೆರೆಯಾದ. ಸಂಸ್ಥಾನ 1860ರಲ್ಲಿ ನಿಜಾಮರ ಪಾಲಾಯಿತು. ಬೇಡರ ಮನೆಯ ಬಂದೂಕಿಗೆ ಅಂದಿನಿಂದ ಮೊದಲಿನ ಮಾನವಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಅರಬರು, ರೋಹಿಲ್ಲರು ತುಂಬಿದ್ದ ಬೇಕಾಯ್ದೆ (ಖಾಯಂ ಸೈನ್ಯದ ಕಟ್ಟಳೆಗೊಳಪಡದ) ಪಡೆಗಳೇನೋ ಇದ್ದವು. ಆದರೆ ಅವರು ಹೊರಗಿನಿಂದ ಬಂದು ಕೂಲಿಗೆ ನಿಂತವರು, ಊರಿನ ಒಕ್ಕಲಿಗರಲ್ಲ.

ಹೊಸ ಬಗೆಯ ಅರೆಕಾಲಿಕ ಸಿಪಾಯಿ ಈ ಸೀಮೆಗೆ ಬಂದದ್ದು ರೈಲಿನೊಂದಿಗೆ. ಸೊಲ್ಲಾಪುರದಿಂದ ಕಲಬುರಗಿ, ವಾಡಿ ದಾಟಿ ರಾಯಚೂರಿನವರೆಗೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರ ಹೊತ್ತಿಗೆ ಬಿದ್ದಿತ್ತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಹೊರಟಿತು. ಹಳಿ, ಸೇತುವೆ, ತಂತಿ ಕಾಯಲು ರೈಲ್ವೆ ಕಂಪನಿಗಳು ತಮ್ಮ ನೌಕರರಿಂದಲೇ ವಾಲಂಟಿಯರ್ ರೈಫಲ್ ದಳಗಳನ್ನು ಕಟ್ಟಿದವು. ಹುಬ್ಬಳ್ಳಿ-ಧಾರವಾಡದ ಕಡೆ ಸದರ್ನ್ ಮರಾಠಾ ರೈಲ್ವೆಯ ದಳವಿತ್ತು. ಗಾರ್ಡು, ಡ್ರೈವರು, ವರ್ಕ್‌ಶಾಪಿನ ಫೋರ್‌ಮನ್ನರು ಡ್ಯೂಟಿ ಮುಗಿಸಿ ಕವಾಯತು ಮಾಡುತ್ತಿದ್ದರು, ಗುರಿ ಅಭ್ಯಾಸಕ್ಕೆ ಹೋಗುತ್ತಿದ್ದರು. ಹೆಸರಿಗೆ ವಾಲಂಟಿಯರ್, ನಡೆಯುತ್ತಿದ್ದದ್ದು ಹೆಚ್ಚುಕಡಿಮೆ ನೌಕರಿಯ ಷರತ್ತಿನಂತೆ. ದಳದಲ್ಲಿದ್ದವರು ಯುರೋಪಿಯನ್ನರು ಮತ್ತು ಆಂಗ್ಲೋ-ಇಂಡಿಯನ್ನರು. ಹಳಿಗೆ ಜಲ್ಲಿ ಹೊತ್ತ ಗ್ಯಾಂಗ್‌ಮನ್ನನ ಕೈಗೆ ರೈಫಲ್ಲು ಬರಲಿಲ್ಲ.

1920ರ ಕಾಯ್ದೆಗಳು ಈ ತಾರತಮ್ಯವನ್ನೇ ಕಾಗದಕ್ಕಿಳಿಸಿದವು: ಯುರೋಪಿಯನ್ನರಿಗೆ, ಆಂಗ್ಲೋ-ಇಂಡಿಯನ್ನರಿಗೆ ಆಕ್ಸಿಲಿಯರಿ ಫೋರ್ಸ್, ಭಾರತೀಯರಿಗೆ ಇಂಡಿಯನ್ ಟೆರಿಟೋರಿಯಲ್ ಫೋರ್ಸ್. ಎರಡರ ನಡುವಿನ ಭೇದವನ್ನು ಪರಿಶೀಲಿಸಲು 1924ರಲ್ಲಿ ಶೇ ಸಮಿತಿ ಕೂತಿತು. ಕಲಬುರಗಿ ಸೀಮೆಯ ನಂದೂರು, ಕಮಲಾಪುರದ ಹುಡುಗರಿಗೆ ಈ ಎರಡೂ ದೂರವೇ. ಅವರಿದ್ದದ್ದು ನಿಜಾಮರ ಪ್ರಜೆಗಳಾಗಿ.

ಅವರು ಸಮವಸ್ತ್ರದ ಅರೆಕಾಲಿಕ ಪಡೆಯನ್ನು ಹತ್ತಿರದಿಂದ ಕಂಡದ್ದು ರಜಾಕಾರರ ರೂಪದಲ್ಲಿ. ಲಾತೂರಿನ ವಕೀಲ ಕಾಸಿಂ ರಜ್ವಿಯ ಮುಂದಾಳತ್ವದ ಈ ದಳ ಇತ್ತೇಹಾದ್ ಪಕ್ಷದ್ದು, ಸರ್ಕಾರಿ ಸೈನ್ಯವಲ್ಲ. ಇದರೆದುರು ಸಂಸ್ಥಾನದ ಗಡಿಯಾಚೆ ಹೋರಾಟಗಾರರ ಶಿಬಿರಗಳೆದ್ದವು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರ ಅವುಗಳಲ್ಲಿ ಹೆಸರಾದದ್ದು. ಓದು, ವಕೀಲಿ, ಒಕ್ಕಲುತನ ಬಿಟ್ಟು ಬಂದವರು ಅಲ್ಲಿ ಬಂದೂಕು ಹಿಡಿಯಲು ಕಲಿತರು. ಹೈದರಾಬಾದ್ ಸಂಸ್ಥಾನದ ಮೇಲೆ ಭಾರತೀಯ ಸೇನೆ ನಡೆಸಿದ 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಕಾರ್ಯಾಚರಣೆಯೊಂದಿಗೆ ಎರಡೂ ಬಗೆಯ ಪಡೆಗಳ ಕಾಲ ಮುಗಿಯಿತು.

ಅದೇ 1948ರಲ್ಲಿ ಟೆರಿಟೋರಿಯಲ್ ಆರ್ಮಿ ಕಾಯ್ದೆ ಬಂತು. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಈ ಪ್ರಾದೇಶಿಕ ಸೇನೆಯನ್ನು ಉದ್ಘಾಟಿಸಿದರು. 1962, 1965, 1971ರ ಯುದ್ಧಗಳಲ್ಲಿ, ಆಮೇಲೆ ಶ್ರೀಲಂಕಾ, ಪಂಜಾಬ್, ಕಾಶ್ಮೀರಗಳಲ್ಲಿ ಇದರ ತುಕಡಿಗಳು ದುಡಿದವು. ಹಳೆಯ ರೈಲ್ವೆ ವಾಲಂಟಿಯರ್‌ಗಳ ಜಾಗಕ್ಕೆ ಇದರ ರೈಲ್ವೆ ರೆಜಿಮೆಂಟುಗಳು ಬಂದವು. ಅವುಗಳಲ್ಲೊಂದರ ನೆಲೆ ಸಿಕಂದರಾಬಾದ್ ಆಗಿತ್ತು. ಈ ಸಲ ಗ್ಯಾಂಗ್‌ಮನ್ನನಿಗೂ ಜಾಗವಿತ್ತು. 1974ರ ರೈಲ್ವೆ ಮುಷ್ಕರದಲ್ಲಿ ಗಾಡಿಗಳನ್ನು ನಡೆಸಲು ಈ ಪಡೆಗಳನ್ನು ಕರೆದರು. ಮುಷ್ಕರ ಹೂಡಿದವನ ಜೊತೆಗಾರನೇ ಸಮವಸ್ತ್ರ ತೊಟ್ಟು ಎಂಜಿನ್ ಹತ್ತಬೇಕಾದ ಸಂಕಟ ಅದು. ಆರು ರೈಲ್ವೆ ರೆಜಿಮೆಂಟುಗಳಲ್ಲಿ ಐದನ್ನು ವಿಸರ್ಜಿಸುವ ತೀರ್ಮಾನ 2021ರಲ್ಲಿ ಹೊರಬಿತ್ತು. ಉಳಿಸಿಕೊಂಡದ್ದು ಜಮಾಲ್‌ಪುರದ್ದೊಂದೇ.

ಹಳ್ಳಿಯ ಮಟ್ಟದಲ್ಲಿ ಜನ ಹೆಚ್ಚಾಗಿ ಬಲ್ಲದ್ದು ಹೋಮ್‌ಗಾರ್ಡ್. 1946ರ ಡಿಸೆಂಬರ್ 6ರಂದು ಮುಂಬಯಿ ಪ್ರಾಂತದಲ್ಲಿ ಗಲಭೆ ತಡೆಯಲು ಹುಟ್ಟಿದ ಈ ದಳಕ್ಕೆ ಮೈಸೂರು ರಾಜ್ಯ 1962ರಲ್ಲಿ ಕಾಯ್ದೆ ಮಾಡಿತು. ಇದು ಸೈನ್ಯವಲ್ಲ, ಪೊಲೀಸರ ಬೆನ್ನಿಗಿರುವ ಪಡೆ. ಶರಣಬಸವೇಶ್ವರರ ಜಾತ್ರೆಯ ತೇರು, ಖ್ವಾಜಾ ಬಂದೇನವಾಜರ ಉರುಸು, ಚುನಾವಣೆಯ ಮತಗಟ್ಟೆ ಎಂದರೆ ಖಾಕಿ ತೊಟ್ಟ ಹೋಮ್‌ಗಾರ್ಡ್ ಬಂದೋಬಸ್ತಿಗೆ ಇದ್ದೇ ಇರುತ್ತಾನೆ. ಮರುದಿನ ಆತ ಅಂಗಡಿಯಲ್ಲೋ ದಾಲ್ ಮಿಲ್ಲಿನಲ್ಲೋ ಸಿಗುವನು. ಕೈಗೆ ಬರುವುದು ಡ್ಯೂಟಿಯ ದಿನಗಳ ಭತ್ಯೆ ಮಾತ್ರ. ಅದು ಪೊಲೀಸ್ ಕಾನ್‌ಸ್ಟೇಬಲ್‌ನ ಕನಿಷ್ಠ ವೇತನಕ್ಕೆ ಸಮನಾಗುವಂತಿರಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಕೆಲಸ ಖಾಯಂ ಮಾಡಿ ಎಂದು ಹೇಳಲಿಲ್ಲ.

ಪ್ರಾದೇಶಿಕ ಸೇನೆ ಸೇರಬಯಸುವ ಕಲಬುರಗಿಯ ಹುಡುಗ ಸಾಮಾನ್ಯವಾಗಿ ಬೆಳಗಾವಿಯ ಹಾದಿ ಹಿಡಿಯುತ್ತಾನೆ. ಮಹಾರ್ ರೆಜಿಮೆಂಟಿನ 115ನೇ ಪ್ರಾದೇಶಿಕ ಬೆಟಾಲಿಯನ್ ಇರುವುದು ಅಲ್ಲಿ. 2024ರ ನವೆಂಬರ್‌ನಲ್ಲಿ ಅಲ್ಲಿ ನಡೆದ ಭರ್ತಿ ರ‍್ಯಾಲಿಗೆ ಹಲವು ರಾಜ್ಯಗಳ ಯುವಕರು ಬಂದಿದ್ದರು. ವಯಸ್ಸು 18ರಿಂದ 42ರೊಳಗೆ, ಎತ್ತರ 160 ಸೆಂಟಿಮೀಟರ್. ಮೊದಲ ಪರೀಕ್ಷೆ 1.6 ಕಿಲೋಮೀಟರ್ ಓಟ, ಅಲ್ಲೇ ಬಹುಪಾಲು ಜನ ಉದುರುತ್ತಾರೆ. ಉಳಿದವರು ಅಡ್ಡದಂಡಿಗೆ ಜೋತು ಗಲ್ಲ ಮೇಲೆತ್ತಬೇಕು, 9 ಅಡಿ ಹಳ್ಳ ಹಾರಬೇಕು, ಅಂಕುಡೊಂಕಾದ ಹಲಗೆಯ ಮೇಲೆ ತೂಗಿಕೊಂಡು ದಾಟಬೇಕು. ಆಮೇಲೆ ವೈದ್ಯರು, ಕಾಗದಪತ್ರ.

ಆಯ್ಕೆಯಾದವನಿಗೆ ಮೊದಲು ಸುಮಾರು ಒಂದು ತಿಂಗಳ ರಿಕ್ರೂಟ್ ತರಬೇತಿ: ಕವಾಯತು, ರೈಫಲ್ ಬಿಚ್ಚಿ ಜೋಡಿಸುವುದು, ಗುರಿ, ನಕ್ಷೆ ಓದು. ಮುಂದೆ ಪ್ರಾವಿನ್ಷಿಯಲ್ (ಗ್ರಾಮಾಂತರ) ತುಕಡಿಯಲ್ಲಿ ವರ್ಷಕ್ಕೆ ಎರಡು ತಿಂಗಳ ಶಿಬಿರ. ಪಟ್ಟಣದ ತುಕಡಿಗಳಲ್ಲಿ ಸುಮಾರು 30 ದಿನ, ಅದರಲ್ಲಿ ಬಹುಭಾಗ ರಜಾದಿನಗಳಲ್ಲಿ. ತೊಗರಿ ಬೆಳೆವ ಮನೆಯಲ್ಲಿ ಎರಡು ತಿಂಗಳು ಸಣ್ಣ ಮಾತಲ್ಲ. ಶಿಬಿರ ಜೂನ್‌ನಲ್ಲಿ ಬಿದ್ದರೆ ಬಿತ್ತನೆ, ಡಿಸೆಂಬರ್‌ನಲ್ಲಿ ಬಿದ್ದರೆ ರಾಶಿ ಬೇರೆಯವರ ಪಾಲಿಗೆ. ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ದುಡಿಯುವವನಾದರೆ ಚಿಂತೆ ಬೇರೆ. ಸೇವೆ ಮುಗಿಸಿ ಬಂದವನನ್ನು ಮಾಲೀಕ ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು 1948ರ ಕಾಯ್ದೆಯ 7ಎ ಕಲಂ ಹೇಳುತ್ತದೆ. ಆದರೆ ಗುತ್ತಿಗೆ ಕೂಲಿಯವನಿಗೆ ಮಾಲೀಕ ಯಾರೆಂಬುದೇ ಜಗ್ಗಾಟ.

ಸಂಬಳ ಶಿಬಿರದ ದಿನಗಳಿಗೆ, ಕರೆ ಬಂದು ಸೇವೆಯಲ್ಲಿರುವ ಕಾಲಕ್ಕೆ ಮಾತ್ರ. ಆಗ ಅದು ಖಾಯಂ ಸೈನಿಕನಷ್ಟೇ. ಜವಾನನಿಗೆ ಪಿಂಚಣಿ ಬೇಕಾದರೆ ಹೀಗೆ ಕರೆಯ ಮೇಲಿನ ನಿಜ ಸೇವೆ 15 ವರ್ಷ ಕೂಡಬೇಕು. ಭಾರತೀಯ ಕ್ರಿಕೆಟ್ ತಂಡದ ನಾಯಕನಾಗಿದ್ದಾಗ, 2011ರಲ್ಲಿ, ಮಹೇಂದ್ರ ಸಿಂಗ್ ಧೋನಿಗೆ ಸಿಕ್ಕಿದ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಬೆಂಗಳೂರಿನ 106ನೇ ಪ್ಯಾರಾ ಪ್ರಾದೇಶಿಕ ಬೆಟಾಲಿಯನ್ನಿನದು. ಈ ಪಡೆಯ ಹೆಸರು ಮನೆಮನೆಗೆ ಮುಟ್ಟಿದ್ದು ಅದರಿಂದಲೇ. ಜವಾನನ ಲೆಕ್ಕಾಚಾರ ಮಾತ್ರ ಮೊದಲಿನಂತೆಯೇ ಇದೆ.

2025ರ ಮೇ ತಿಂಗಳಲ್ಲಿ, ಪಾಕಿಸ್ತಾನದೊಂದಿಗಿನ ಘರ್ಷಣೆಯ ದಿನಗಳಲ್ಲಿ, ಪ್ರಾದೇಶಿಕ ಸೇನೆಯ ಅಧಿಕಾರಿಗಳನ್ನೂ ಜವಾನರನ್ನೂ ಸೇವೆಗೆ ಕರೆಯುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ನಿಯೋಜಿಸಲು ಒಪ್ಪಿಗೆ ಸಿಕ್ಕಿತು. ಆದೇಶದ ಅವಧಿ 2025ರ ಫೆಬ್ರವರಿ 10ರಿಂದ 2028ರ ಫೆಬ್ರವರಿ 9ರವರೆಗೆ, ಅಂದರೆ ಮೂರು ವರ್ಷ. ಹಾಗೆ ಕರೆಬಂದವನ ಪಾಲಿಗೆ ಆ ಅವಧಿ ಪಿಂಚಣಿಯ ಲೆಕ್ಕಕ್ಕೆ ಸೇರುತ್ತದೆ, ಹೊಲವನ್ನು ಮಾತ್ರ ಪಾಲಿಗೆ ಕೊಟ್ಟು ಹೋಗಬೇಕು.