ಎದೆಯ ಭಂಡಾರ, ಬಾಯಿಯ ಪಾಠ: ಕಲಬುರಗಿ–ಕಮಲಾಪುರ ಸೀಮೆಯಲ್ಲಿ ಬೈಬಲ್ ವಿವೇಕದ ಚರಿತ್ರೆ

ಕಲಬುರಗಿ ಸೀಮೆಯ ಕ್ರೈಸ್ತ ಸಭೆಗಳ ಚರಿತ್ರೆ ಎಂದೊಡನೆ ದೀಕ್ಷಾಸ್ನಾನ ಪಡೆದವರ ಎಣಿಕೆ, ಕಟ್ಟಿದ ಶಾಲೆ, ತೆರೆದ ದವಾಖಾನೆಗಳ ವಿವರವೇ ಮುಂದೆ ಬರುತ್ತದೆ. ಮಿಷನ್ ವರದಿಗಳನ್ನು ಬರೆದದ್ದೇ ಆ ಲೆಕ್ಕ ಒಪ್ಪಿಸುವುದಕ್ಕೆ. ಅವುಗಳನ್ನು ನೆಚ್ಚಿದ ಚರಿತ್ರೆಯೂ ಅದೇ ದಾರಿ ಹಿಡಿಯಿತು. ಆ ಸಭೆಗಳ ಜನ ಯಾವ ಮಾತನ್ನು ಎದೆಯಲ್ಲಿ ಇಟ್ಟುಕೊಂಡರು, ಕಾಲು ಜಾರುವ ಹೊತ್ತಿನಲ್ಲಿ ಏನನ್ನು ನೆನೆದರು ಎಂಬುದು ಲೆಕ್ಕದ ಪುಸ್ತಕಕ್ಕೆ ಸಿಗುವ ಸಂಗತಿಯಲ್ಲ. ಪಾಪಕ್ಕೆಳೆಯುವ ಶೋಧನೆಯ ಎದುರು ದೇವರ ಮಾತನ್ನು ಕಾವಲಿಗಿಟ್ಟುಕೊಳ್ಳುವುದು ಬೈಬಲಿನಷ್ಟೇ ಹಳೆಯ ಸಾಧನೆ. ಅದು ಈ ಸೀಮೆಯಲ್ಲಿ ಬೇರೂರಿದ್ದು ಒಬ್ಬೊಬ್ಬರ ಓದಿನಿಂದಲ್ಲ, ಹತ್ತು ಜನ ಕೂಡಿ ಮಾಡಿದ ಬಾಯಿಪಾಠದಿಂದ ಎಂಬುದು ಈ ಲೇಖನದ ವಾದ. ಕಿವಿಯಿಂದ ಕಲಿತು ಬಾಯಿಯಲ್ಲಿ ಉಳಿಸಿಕೊಳ್ಳುವ ರೂಢಿ ಇಲ್ಲಿ ಮಿಷನರಿಗಳಿಗಿಂತ ಎಷ್ಟೋ ಹಿಂದಿನದು.

ಮೊದಲು ಮೂಲಗ್ರಂಥದ ಮಾತು. 119ನೆಯ ಕೀರ್ತನೆಯಲ್ಲಿ 176 ವಚನಗಳಿವೆ. ಹೀಬ್ರೂವಿನ 22 ಅಕ್ಷರಗಳಿಗೆ ಎಂಟೆಂಟು ವಚನ. ಒಂದು ಗುಂಪಿನ ಎಂಟೂ ವಚನಗಳು ಅದೇ ಅಕ್ಷರದಿಂದ ಶುರುವಾಗುತ್ತವೆ. ಅಕ್ಷರಮಾಲೆ ಬಂದವನಿಗೆ ಕೀರ್ತನೆಯ ಜಾಡು ತಪ್ಪದು. ಇದನ್ನು ಬರಿಯ ಕಾವ್ಯಚಮತ್ಕಾರವೆಂದು ನಾನು ಓದುವುದಿಲ್ಲ. ನೆನಪಿಗೆ ಅನುಕೂಲವಾಗಲೆಂದೇ ಹೀಗೆ ಕಟ್ಟಿದ್ದಾರೆ. ಇದೇ ಕೀರ್ತನೆಯ 11ನೆಯ ವಚನದಲ್ಲಿ ಭಕ್ತನು, ಪಾಪಕ್ಕೆ ಬೀಳಬಾರದೆಂದೇ ನಿನ್ನ ಮಾತನ್ನು ಹೃದಯದಲ್ಲಿ ಬಚ್ಚಿಟ್ಟಿದ್ದೇನೆ ಎಂದು ದೇವರಿಗೆ ಅರಿಕೆ ಮಾಡಿಕೊಳ್ಳುತ್ತಾನೆ.

ಜ್ಞಾನೋಕ್ತಿಗಳ ಗ್ರಂಥದ 31 ಅಧ್ಯಾಯಗಳು ಒಬ್ಬನ ಕೃತಿಯಲ್ಲ. ಸೊಲೊಮೋನನ ಹೆಸರಿನ ಸಂಗ್ರಹ, ಹಿಜ್ಕೀಯ ರಾಜನ ಕಡೆಯವರು ಪ್ರತಿಮಾಡಿದ ಭಾಗ, ಆಗೂರನ ಮಾತು, ಲೆಮೂವೇಲನಿಗೆ ಅವನ ತಾಯಿ ಕಲಿಸಿದ ಮಾತು ಎಲ್ಲವೂ ಅಲ್ಲಿ ಕೂಡಿವೆ. ಹೊರಗಿನದ್ದೂ ಇದೆ. ಈಜಿಪ್ಟಿನ ಅಮೆನೆಮೊಪೆ ಎಂಬವನ 30 ಅಧ್ಯಾಯಗಳ ಉಪದೇಶ ಬ್ರಿಟಿಷ್ ಮ್ಯೂಸಿಯಂನ ಪಪೈರಸ್ ಸುರುಳಿಯೊಂದರಿಂದ 1923ರಲ್ಲಿ ಅಚ್ಚಾಯಿತು. ಮರುವರ್ಷವೇ ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮನ್, ಜ್ಞಾನೋಕ್ತಿ 22ರ ನಡುವಿನಿಂದ ಮುಂದಿನ ಭಾಗಕ್ಕೂ ಇದಕ್ಕೂ ಇರುವ ನಂಟನ್ನು ತೋರಿಸಿದರು. ಕೇಳಿದ ಮಾತನ್ನು ಹೊಟ್ಟೆಯೊಳಗಿನ ಪೆಟ್ಟಿಗೆಯಲ್ಲಿ ಇಟ್ಟುಕೋ ಎಂದು ಅಮೆನೆಮೊಪೆ ಹೇಳುತ್ತಾನೆ. ಹೀಬ್ರೂ ಪಾಠವೂ ಆ ಜಾಗದಲ್ಲಿ ಹೊಟ್ಟೆಯನ್ನೇ ಹೆಸರಿಸುತ್ತದೆ. ವಿವೇಕ ಎಲ್ಲಿ ಸಿಕ್ಕಿದರೂ ಎತ್ತಿಟ್ಟುಕೊಳ್ಳುವ ಗ್ರಂಥ ಇದು. ಈ ಗುಣವನ್ನು ಗುರುತಿಸದೆ ಅದು ಕನ್ನಡ ನೆಲಕ್ಕೆ ಹೊಂದಿಕೊಂಡ ಬಗೆ ಅರ್ಥವಾಗದು.

ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸು ಅಡವಿಯಲ್ಲಿ ಮೂರು ಸಲ ಶೋಧನೆಗೆ ಒಳಗಾಗುತ್ತಾನೆ. ಮೂರು ಸಲವೂ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳಿಂದಲೇ ಉತ್ತರ ಕೊಡುತ್ತಾನೆ. ಅವನ ಕೈಯಲ್ಲಿ ಸುರುಳಿಯಿಲ್ಲ, ಇರುವುದೆಲ್ಲ ನೆನಪು. ಆದರೆ ಸೈತಾನನಿಗೂ ಶಾಸ್ತ್ರ ಬಾಯಿಗೆ ಬರುತ್ತದೆ, ಅವನು 91ನೆಯ ಕೀರ್ತನೆಯನ್ನು ಹೇಳಿಯೇ ಮರುಳುಮಾಡಲು ನೋಡುತ್ತಾನೆ. ಬಾಯಿಪಾಠವೊಂದೇ ರಕ್ಷೆಯಾಗದು ಎಂಬ ಎಚ್ಚರ ಸುವಾರ್ತೆಯೊಳಗೇ ಇದೆ.

ನಾಲ್ಕನೆಯ ಶತಮಾನದ ಈಜಿಪ್ಟಿನ ಮರಳುಗಾಡಿನಲ್ಲಿ ಶೋಧನೆಗೆ ವಚನದಿಂದ ಉತ್ತರ ಕೊಡುವುದು ಒಂದು ಶಿಸ್ತಾಗಿಯೇ ಬೆಳೆಯಿತು. ಇವಾಗ್ರಿಯಸ್ ಎಂಬ ಸನ್ಯಾಸಿ ಹೊಟ್ಟೆಬಾಕತನ, ಕಾಮ, ದುರಾಸೆ, ದುಗುಡ, ಸಿಟ್ಟು, ಬೇಸರ, ಒಣಹೆಮ್ಮೆ, ಗರ್ವ ಎಂದು ಎಂಟು ದುರಾಲೋಚನೆಗಳನ್ನು ಹೆಸರಿಸಿ, ಒಂದೊಂದರ ಎದುರೂ ಹೇಳಬೇಕಾದ ಬೈಬಲ್ ವಾಕ್ಯಗಳನ್ನು ಒಂದು ಗ್ರಂಥವಾಗಿ ಪೋಣಿಸಿಟ್ಟ. ಆ ಗ್ರಂಥದ ಗ್ರೀಕ್ ಮೂಲ ಕಳೆದುಹೋಗಿ ಸಿರಿಯಾಕ್ ಮತ್ತು ಆರ್ಮೇನಿಯನ್ ಅನುವಾದಗಳು ಉಳಿದಿವೆ. ಅವನಿಗಿಂತ ಹಿರಿಯನಾದ ಸಂತ ಅಂತೋನಿಯ ಬಗ್ಗೆ ಬಿಷಪ್ ಅಥನಾಸಿಯಸ್ ಬರೆದದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಂತೋನಿ ಓದು ಕಲಿತವನಲ್ಲ. ಸಭೆಯಲ್ಲಿ ಓದಿದ್ದನ್ನು ಒಂದಕ್ಷರ ಬಿಡದೆ ಕೇಳುತ್ತಿದ್ದ, ನೆನಪೇ ಅವನ ಪುಸ್ತಕವಾಗಿತ್ತು.

ಇನ್ನು ಕಲಬುರಗಿಗೆ ಬರೋಣ. ಕನ್ನಡ ಬೈಬಲ್ ಹುಟ್ಟಿದ್ದು ಇಲ್ಲಲ್ಲ, ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದರು. ವಿಲಿಯಂ ರೀವ್ ಮೊದಲಾದವರ ಜೊತೆ ಕೂಡಿ ಮಾಡಿದ ಅನುವಾದ 1831ರ ಹೊತ್ತಿಗೆ ಇಡಿಯಾಗಿ ಕೈಗೆ ಬಂತು. ನಿಜಾಮರ ಆಳ್ವಿಕೆಯ ಕಲಬುರಗಿಗೆ ದಾರಿ ಮಾಡಿದ್ದು ರೈಲು. ಮುಂಬೈ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರು ಮುಟ್ಟಿತು. ಅದರ ಹಿಂದೆಯೇ, ಆ ಶತಮಾನದ ಕೊನೆಯ ದಶಕಗಳಲ್ಲಿ, ಅಮೆರಿಕದ ಮೆಥಡಿಸ್ಟರು ಕಲಬುರಗಿ ಮತ್ತು ಬೀದರಿನಲ್ಲಿ ನೆಲೆಯೂರಿದರು. ಕಮಲಾಪುರ ಈ ಎರಡು ಕೇಂದ್ರಗಳ ನಡುವಿನ ಹುಮನಾಬಾದ್ ರಸ್ತೆಯ ಮೇಲಿನ ಊರು. ಕೆಂಪು ಬಾಳೆಗೆ ಹೆಸರಾಗಿ, ಈಚೆಗೆ ತಾಲ್ಲೂಕು ಕೇಂದ್ರವೂ ಆಗಿದೆ. ಈ ಭಾಗದಲ್ಲಿ ಕ್ರೈಸ್ತರಾದವರು ಬಹುಪಾಲು ದಲಿತ ಕೇರಿಗಳವರು, ಹೊಲದ ಕೂಲಿಯವರು. 1901ರ ಸುಮಾರಿಗೆ ಹೈದರಾಬಾದ್ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಮೂವರ ಆಸುಪಾಸು. ಆ ಮೂವರಲ್ಲಿ ಈ ಕೇರಿಗಳವರು ಇದ್ದಿರಲಾರರು. ಆಡಳಿತ ಮತ್ತು ಶಾಲೆಯ ಭಾಷೆ ಉರ್ದು, ಮನೆಯದು ಕನ್ನಡ. ಅಚ್ಚಾದ ಬೈಬಲನ್ನು ಯಾರ ಕೈಗೆ ಕೊಡುವುದು?

ಉತ್ತರ ಮೆಥಡಿಸ್ಟರ ಹುಟ್ಟಿನಲ್ಲೇ ಇತ್ತು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನ ಪ್ರಾರ್ಥನಾಮಂದಿರದ ಸಾಲ ತೀರಿಸಲು ಹನ್ನೆರಡು ಜನರಿಗೆ ಒಬ್ಬ ಮುಖಂಡನೆಂದು ಗುಂಪು ಮಾಡಿ ವಾರಕ್ಕೊಂದು ಪೆನ್ನಿ ಎತ್ತತೊಡಗಿದರು. ದುಡ್ಡು ಕೇಳಲು ಮನೆಗೆ ಹೋದ ಮುಖಂಡರಿಗೆ ಯಾರು ಕುಡಿಯುತ್ತಾರೆ, ಯಾರ ಮನೆಯಲ್ಲಿ ಜಗಳ ಎಂಬುದು ತಿಳಿಯಿತು. ಪಂಥದ ಸ್ಥಾಪಕ ಜಾನ್ ವೆಸ್ಲಿ ಅದನ್ನೇ ಆತ್ಮದ ಯೋಗಕ್ಷೇಮ ವಿಚಾರಿಸುವ ವಾರದ ಕೂಟವನ್ನಾಗಿ ಮಾಡಿದರು. ವಚನ ನೆನಪಿದೆಯೇ ಎಂದು ಕೇಳುವವನೂ ನಿನ್ನೆ ಎಲ್ಲಿದ್ದೆ ಎಂದು ಕೇಳುವವನೂ ಒಬ್ಬನೇ ಆದಾಗ ಬಾಯಿಪಾಠಕ್ಕೆ ಹಲ್ಲು ಬರುತ್ತದೆ.

ಕಲಬುರಗಿ ಸೀಮೆಯ ಸಭೆಗಳಿಗೆ ಹೊಸದಾಗಿ ಸೇರುವವರಿಗೆ ಕರ್ತನ ಪ್ರಾರ್ಥನೆ, ದಶಾಜ್ಞೆ, ವಿಶ್ವಾಸಪ್ರಮಾಣ ಬಾಯಿಗೆ ಬರಬೇಕಿತ್ತು. ಊರೂರು ತಿರುಗುವ ಉಪದೇಶಿಗಳು, ಮನೆಮನೆಗೆ ಹೋಗುವ ಬೈಬಲ್ ಹೆಂಗಸರು ಈ ಕೆಲಸ ಹೊತ್ತರು. ಕಂಠಪಾಠದ ವಚನ ಹೇಳಿಸುವ ಕ್ರಮ ಕನ್ನಡ ಸಂಡೇ ಸ್ಕೂಲುಗಳಲ್ಲಿ ಇಂದಿಗೂ ಉಳಿದಿದೆ. ಮೊದಲು ಗ್ರಂಥದ ಹೆಸರು, ಅಧ್ಯಾಯ, ವಚನದ ಸಂಖ್ಯೆ. ಆಮೇಲೆ ವಾಕ್ಯವನ್ನು ಎರಡು ಮೂರು ತುಂಡು ಮಾಡಿ ಪಾಠದ ಅಕ್ಕ ಹೇಳಿಕೊಡುತ್ತಾಳೆ, ಮಕ್ಕಳು ಒಟ್ಟಿಗೆ ಹಿಂದಿರುಗಿಸುತ್ತಾರೆ. ತುಂಡುಗಳನ್ನು ಜೋಡಿಸಿ ಪೂರ್ತಿ ಹೇಳಿಸುವುದು ನಂತರ. ಕೊನೆಗೆ ಮತ್ತೆ ಗ್ರಂಥದ ಹೆಸರು, ಸಂಖ್ಯೆ. ದೊಡ್ಡವರಾದ ಮೇಲೆ ವಾಕ್ಯ ಅರ್ಧ ಮರೆತರೂ ಸಂಖ್ಯೆ ಹಿಡಿದು ಹುಡುಕಬಹುದು. ಸಂಖ್ಯೆ ಮರೆತರೂ ರಾಗ ಹಿಡಿದು ವಾಕ್ಯ ಬರುತ್ತದೆ.

ರಾಗದ ಮಾತು ಬಂದಾಗ ಈ ನೆಲದ ಋಣವನ್ನು ಹೇಳಲೇಬೇಕು. ಕಲಬುರಗಿಯಿಂದ ಹೆಚ್ಚು ದೂರವಿಲ್ಲದ ಮಳಖೇಡದಲ್ಲಿ, ಒಂಬತ್ತನೆಯ ಶತಮಾನದಲ್ಲೇ, ಓದದ ಜನರಿಗೂ ಕಾವ್ಯದ ಹದ ಗೊತ್ತೆಂದು ಕವಿರಾಜಮಾರ್ಗ ಹೇಳಿತ್ತು. ಸೂಫಿ ಸಂತ ಖಾಜಾ ಬಂದೇ ನವಾಜ್ 1400ರ ಸುಮಾರಿಗೆ ಬಂದು 1422ರಲ್ಲಿ ತೀರಿಕೊಂಡ ಊರು ಕಲಬುರಗಿ. ದಖ್ಖನಿ ಸೂಫಿಗಳ ಉಪದೇಶ ಬೀಸುಕಲ್ಲಿನ ಪದಗಳಾಗಿ ಹೆಂಗಸರ ಬಾಯಿಗೆ ಬಂದುದನ್ನು ಇತಿಹಾಸಕಾರ ರಿಚರ್ಡ್ ಈಟನ್ ವಿವರವಾಗಿ ತೋರಿಸಿದ್ದಾರೆ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳು ಏಕತಾರಿ, ದಮ್ಮಡಿಯ ಮೇಲೆ ಊರೂರು ಸುತ್ತಿದವು. ಮನಸ್ಸಿನ ಚಪಲಕ್ಕೆ ಲಗಾಮು ಹಾಕುವ ಮಾತನ್ನು ದುಡಿಯುತ್ತ, ಹಾಡುತ್ತ ಒಳಗಿಳಿಸಿಕೊಳ್ಳುವುದು ಇಲ್ಲಿ ಎಲ್ಲ ಮತದವರ ವಿದ್ಯೆ. ಮಿಷನರಿ ಫರ್ಡಿನಾಂಡ್ ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ತಂದದ್ದು ಇದನ್ನು ಅರಿತೇ. ಈ ಸೀಮೆಯ ಸಭೆಗಳಲ್ಲಿ ಹಾರ್ಮೋನಿಯಂ, ಢೋಲಕಿನ ಭಜನೆಗೆ ಸಿಕ್ಕ ಆದರ ಅನುವಾದಿತ ಇಂಗ್ಲಿಷ್ ಸ್ತೋತ್ರಗಳಿಗೆ ಸಿಗದಿದ್ದರೆ ಅಚ್ಚರಿಯಿಲ್ಲ.

ಯಾವ ಶೋಧನೆಗೆ ಯಾವ ಮಾತು? ಜ್ಞಾನೋಕ್ತಿಗಳ ಮೊದಲ ಒಂಬತ್ತು ಅಧ್ಯಾಯಗಳು ಉಳ್ಳವರ ಮನೆಯ ಹುಡುಗನಿಗೆ ಹೇಳಿದಂತಿವೆ. ಏಳನೆಯ ಅಧ್ಯಾಯದಲ್ಲಿ ಮುಸ್ಸಂಜೆ ಬೀದಿಯಲ್ಲಿ ಹೊರಟ ಹುಡುಗನನ್ನು ಮರುಳುಗೊಳಿಸುವವಳು ಹೆಂಗಸು. ಇದನ್ನು ಇದ್ದ ಹಾಗೆಯೇ ಬೋಧಿಸಿದಲ್ಲೆಲ್ಲ ತಪ್ಪಿನ ಹೊರೆ ಹೆಣ್ಣಿನ ಮೇಲೆ ಬಿದ್ದಿದೆ. ಅದನ್ನು ಒಪ್ಪಲಾಗದು. ಶೋಧನೆ ಹುಟ್ಟುವುದು ಅವರವರ ಆಸೆಯಿಂದಲೇ ಎನ್ನುವ ಯಾಕೋಬನ ಪತ್ರದ ಮೊದಲ ಅಧ್ಯಾಯವನ್ನು ಇದರ ಪಕ್ಕದಲ್ಲೇ ಕಲಿಸಬೇಕು. ಕೂಲಿ ಮಾಡುವ ಕೇರಿಗಳ ಮುಂದಿದ್ದ ಶೋಧನೆಗಳೇ ಬೇರೆ. ಒಂದು ಸೇಂದಿ, ಸಾರಾಯಿ. ನಿಜಾಮರ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯವಾಗಿತ್ತು. ಕುಡಿತ ಬರಿಯ ವ್ಯಕ್ತಿಯ ಚಟವಲ್ಲ, ರಾಜ್ಯವೇ ಪೋಷಿಸಿದ ವ್ಯಾಪಾರ. ಮೆಥಡಿಸ್ಟರ ನಿಯಮವೋ ಮದ್ಯವನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸಿತ್ತು. ಜ್ಞಾನೋಕ್ತಿ 23ರ ಕುಡುಕನ ಚಿತ್ರ, ಆ ಕೆಂಪಡರಿದ ಕಣ್ಣು, ಕಾರಣವಿಲ್ಲದ ಗಾಯ, ಹೊಡೆದರೂ ನೋವು ತಿಳಿಯದ ಮೈ, ಎಚ್ಚರವಾದೊಡನೆ ಮತ್ತೆ ಅದನ್ನೇ ಹುಡುಕುವ ಮನಸ್ಸು, ಯಾರೂ ಬಿಡಿಸಿ ಹೇಳಬೇಕಾಗಿಲ್ಲದಷ್ಟು ಪರಿಚಿತವಾಗಿತ್ತು.

ಎರಡನೆಯದು ಜಾಮೀನು. ನೆರೆಯವನಿಗೆ ಹೊಣೆ ನಿಂತವನು ಬೇಟೆಗಾರನ ಕೈಗೆ ಸಿಕ್ಕ ಜಿಂಕೆಯಂತೆ ಎಂದು ಜ್ಞಾನೋಕ್ತಿ 6 ಎಚ್ಚರಿಸುತ್ತದೆ. ಮೈಕೆಳಗಿನ ಹಾಸಿಗೆಯೂ ಹೋದೀತು ಎನ್ನುತ್ತದೆ 22ನೆಯ ಅಧ್ಯಾಯ. ಇದೇ ಜಿಲ್ಲೆಯ ಮರತೂರಿನವನೆಂದು ಹೇಳಲಾಗುವ ವಿಜ್ಞಾನೇಶ್ವರ, ಕಲ್ಯಾಣದ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬರೆದ ‘ಮಿತಾಕ್ಷರ’ದಲ್ಲಿ ಯಾಜ್ಞವಲ್ಕ್ಯಸ್ಮೃತಿಯ ಮೂರು ಬಗೆಯ ಹೊಣೆಗಾರಿಕೆಯನ್ನು ವಿವರಿಸುತ್ತಾನೆ. ಸಾಲಗಾರನನ್ನು ಹಾಜರುಪಡಿಸುವ ಹೊಣೆ, ನಂಬಿಕೆಯ ಹೊಣೆ ಇವೆರಡೂ ಮಕ್ಕಳಿಗೆ ಇಳಿಯುವುದಿಲ್ಲ. ಸಾಲ ತೀರಿಸುವ ಹೊಣೆ ಇಳಿಯುತ್ತದೆ. ಜೆರೂಸಲೇಮಿನ ಜ್ಞಾನಿಗೂ ಕಲ್ಯಾಣದ ಶಾಸ್ತ್ರಕಾರನಿಗೂ ಒಂದೇ ಆತಂಕ ಕಾಡಿತ್ತು. ಸ್ನೇಹದ ಒಂದು ಗಳಿಗೆಯಲ್ಲಿ ಕೊಟ್ಟ ಮಾತು ಮನೆತನವನ್ನೇ ಮುಳುಗಿಸಬಲ್ಲದು. ಒಬ್ಬ ಬೇಡವೆಂದು ಬುದ್ಧಿ ಹೇಳಿದ, ಇನ್ನೊಬ್ಬ ಎಲ್ಲಿಯವರೆಗೆ ಎಂದು ಗೆರೆ ಎಳೆದ.

ಈ ಎರಡನೆಯ ಶೋಧನೆ ಹಳತಾಗಿಲ್ಲ. ಮೊದಲನೆಯದಾದ ಸಾರಾಯಿಯನ್ನು ಕರ್ನಾಟಕ ಸರ್ಕಾರ 2007ರಲ್ಲಿ ನಿಷೇಧಿಸಿತು. ಸಾಲದ ವಿಷಯದಲ್ಲೋ, ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳದ ವಿರುದ್ಧ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಗುಂಪು ಸಾಲದಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದ ಹೆಂಗಸರೆಲ್ಲ ಹೊಣೆ; ಎಲ್ಲರೂ ಎಲ್ಲರಿಗೂ ಜಾಮೀನು. ಜ್ಞಾನೋಕ್ತಿಯ ಎಚ್ಚರಿಕೆಯನ್ನು ಇವರ ಮುಂದೆ ಓದಿ, ನೀವು ಅವಿವೇಕಿಗಳು ಎಂದು ಹೇಳಿ ಮುಗಿಸುವುದು ಅನ್ಯಾಯ. ಅವರನ್ನು ಸಾಲಕ್ಕೆ ತಳ್ಳಿದ್ದು ಆಸೆಯಲ್ಲ, ಮಗಳ ಫೀಸು, ಗಂಡನ ಆಸ್ಪತ್ರೆ, ಕೈಕೊಟ್ಟ ತೊಗರಿ. ಅದೇ ಗ್ರಂಥದ 19ನೆಯ ಅಧ್ಯಾಯದ 17ನೆಯ ವಚನ ಬಡವನಿಗೆ ಕೊಟ್ಟದ್ದು ದೇವರಿಗೇ ಕೊಟ್ಟ ಸಾಲ ಎನ್ನುತ್ತದೆ. ಆಗೂರನೋ ಬಡತನವೂ ಬೇಡ, ಸಿರಿಯೂ ಬೇಡ ಎಂದು ಬೇಡುತ್ತಾನೆ, ಏಕೆಂದರೆ ಹಸಿವೂ ಅವನ ಲೆಕ್ಕದಲ್ಲಿ ಶೋಧನೆಯೇ. ಜಾಮೀನಿನ ವಚನವನ್ನು ಕೂಲಿಯ ತಾಯಂದಿರಿಗೆ ಕಂಠಪಾಠ ಮಾಡಿಸುವ ಸಭೆ, ಈ ಎರಡು ವಚನಗಳನ್ನು ಸಂಬಳ ಬರುವ ತನ್ನ ಸದಸ್ಯರಿಂದ ಹೇಳಿಸಬೇಕು, ಆಪತ್ತಿಗೆ ಬಡ್ಡಿಯಿಲ್ಲದೆ ಕೊಡುವ ನಿಧಿಯೊಂದನ್ನು ಅವರ ಕೈಯಿಂದಲೇ ಕಟ್ಟಿಸಬೇಕು. ಬ್ರಿಸ್ಟಲಿನ ಕೂಟ ಶುರುವಾದದ್ದೂ ವಾರಕ್ಕೊಂದು ಪೆನ್ನಿಯಿಂದಲೇ.