ರಾಜಗೀರ್‌ನ ಬಿಸಿನೀರಿನ ಕುಂಡಗಳು: ಚಳಿಗಾಲದ ಸ್ನಾನದ ಇತಿಹಾಸ

ಬಿಹಾರದ ನಾಲಂದಾ ಜಿಲ್ಲೆಯ ರಾಜಗೀರ್‌ನಲ್ಲಿ, ವೈಭಾರ ಮತ್ತು ವಿಪುಲ ಬೆಟ್ಟಗಳ ಬುಡದಲ್ಲಿ, ಸರಸ್ವತಿ ಎಂಬ ತೊರೆಯ ಎರಡೂ ದಡಗಳಲ್ಲಿ ಉಕ್ಕುವ ಬಿಸಿನೀರಿನ ಬುಗ್ಗೆಗಳ ಸಮೂಹವಿದೆ. ಮಗಧದ ರಾಜಧಾನಿಯಾಗಿದ್ದ ರಾಜಗೃಹ ಇದೇ. ಕನ್ನಡದ ಜೈನ ಪುರಾಣಗಳನ್ನು ಓದಿದವರಿಗೆ ಈ ಬೆಟ್ಟಗಳು ಅಪರಿಚಿತವಲ್ಲ. ಗೌತಮ ಗಣಧರರು ಶ್ರೇಣಿಕ ಮಹಾರಾಜನಿಗೆ ಕಥೆ ಹೇಳುವ ವಿಪುಲಾಚಲ ಇಲ್ಲಿಯದು. ಬೌದ್ಧ ಗ್ರಂಥಗಳ ಬಿಂಬಿಸಾರನೂ ಅದೇ ಶ್ರೇಣಿಕನೇ. ಇಂದು ಪ್ರವಾಸಿಗರು ಹೆಚ್ಚಾಗಿ ಬರುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಈ ಚಳಿಗಾಲದ ಸ್ನಾನ ಬುದ್ಧನ ಕಾಲದಿಂದ ನಡೆದುಬಂದದ್ದೆಂಬ ಮಾತು ಜನಪ್ರಿಯ ಬರಹಗಳಲ್ಲಿ ಕಾಣುತ್ತದೆ. ಸ್ನಾನ ಪ್ರಾಚೀನವೆಂಬುದಕ್ಕೆ ಗಟ್ಟಿ ಆಧಾರಗಳಿವೆ. ಅದನ್ನು ಚಳಿಗಾಲಕ್ಕೆ ಕಟ್ಟಿಹಾಕುವ ಆಧಾರಗಳು ಮಾತ್ರ ಬಹಳ ಈಚಿನವು.

ಪಾಲಿ ಗ್ರಂಥಗಳು ಈ ಬುಗ್ಗೆಗಳ ಹರಿವನ್ನು ತಪೋದಾ ಎಂದು ಕರೆಯುತ್ತವೆ. ಪಕ್ಕದಲ್ಲಿ ತಪೋದಾರಾಮ ಎಂಬ ವಿಹಾರವಿತ್ತು. ಸಂಯುತ್ತನಿಕಾಯದ ಒಂದು ಸುತ್ತದಲ್ಲಿ, ಅಂದರೆ ಸೂತ್ರದಲ್ಲಿ, ಸಮಿದ್ಧಿ ಎಂಬ ಭಿಕ್ಷು ಬೆಳಗಿನ ಜಾವ ಇಲ್ಲಿ ಮಿಂದು, ಒಂದೇ ವಸ್ತ್ರದಲ್ಲಿ ಮೈ ಆರಿಸಿಕೊಳ್ಳುತ್ತ ನಿಂತಿರುತ್ತಾನೆ. ಅದು ಯಾವ ಋತುವೆಂದು ಸುತ್ತ ಹೇಳುವುದಿಲ್ಲ. ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದ ಪ್ರಸಂಗ ಇನ್ನೂ ಮಹತ್ವದ್ದು. ತಲೆಸ್ನಾನಕ್ಕೆಂದು ಬಂದ ಬಿಂಬಿಸಾರ, ಭಿಕ್ಷುಗಳು ಮಿಂದು ಮುಗಿಸಲೆಂದು ಕಾಯುತ್ತಾನೆ. ಅವರು ಕತ್ತಲಾಗುವವರೆಗೂ ನೀರು ಬಿಡುವುದಿಲ್ಲ. ಅಷ್ಟರಲ್ಲಿ ನಗರದ ಬಾಗಿಲು ಮುಚ್ಚಿ, ದೊರೆಯೇ ಹೊರಗೆ ರಾತ್ರಿ ಕಳೆಯಬೇಕಾಗುತ್ತದೆ. ಇದರ ನಂತರ ಬುದ್ಧ, ಅರ್ಧ ತಿಂಗಳಿಗಿಂತ ಮೊದಲು ಮತ್ತೆ ಸ್ನಾನ ಮಾಡಬಾರದೆಂದು ನಿಯಮ ಮಾಡಿದ. ಮುಂದೆ ಅದಕ್ಕೆ ವಿನಾಯಿತಿಗಳು ಸೇರಿದವು: ಬೇಸಿಗೆಯ ಕೊನೆಯ ಒಂದೂವರೆ ತಿಂಗಳು, ಮಳೆಗಾಲದ ಮೊದಲ ತಿಂಗಳು, ಕಾಯಿಲೆ, ಕೆಲಸ, ಪ್ರಯಾಣ, ಗಾಳಿಮಳೆ. ಈ ಪಟ್ಟಿಯಲ್ಲಿ ಚಳಿಗಾಲವಿಲ್ಲ. ಬಿಸಿನೀರಿನ ದಡದಲ್ಲೇ ಹುಟ್ಟಿದ ನಿಯಮ ಬೆವರುವ ಕಾಲವನ್ನು ನೆನೆದಿದೆ, ನಡುಗುವ ಕಾಲವನ್ನಲ್ಲ. ಚಳಿಗಾಲದ ಸ್ನಾನವನ್ನು ಬುದ್ಧನ ಕಾಲಕ್ಕೆ ಒಯ್ಯುವವರು ಈ ಪಟ್ಟಿಯನ್ನು ಗಮನಿಸಿದಂತಿಲ್ಲ.

ಮಹಾಭಾರತದ ವನಪರ್ವದ ತೀರ್ಥಯಾತ್ರಾ ಭಾಗವೂ ರಾಜಗೃಹದ ಬಿಸಿನೀರಿನಲ್ಲಿ ಮೀಯುವ ಫಲವನ್ನು ಹೇಳುತ್ತದೆ. ಅಲ್ಲಿಯೂ ಋತುವಿನ ಮಾತಿಲ್ಲ.

ನೀರು ಬಿಸಿಯಾಗುವುದೇಕೆ ಎಂಬ ಪ್ರಶ್ನೆಗೆ ಹಳೆಯ ಮೂಲಗಳು ಕೊಡುವ ಉತ್ತರಗಳು ಬೇರೆಬೇರೆ. ತಪೋದಾ ತಣ್ಣನೆಯ ತಿಳಿನೀರಿನ ಮಡುವಿನಿಂದ ಹೊರಟು, ಎರಡು ಮಹಾನರಕಗಳ ನಡುವೆ ಹಾದುಬರುವುದರಿಂದ ಕುದಿಯುತ್ತದೆ ಎನ್ನುತ್ತದೆ ವಿನಯಪಿಟಕ. ಜೈನರ ಭಗವತೀಸೂತ್ರದಲ್ಲಿ ಮಹಾವೀರ, ವೈಭಾರದ ಅಡಿಯಲ್ಲಿ ದೊಡ್ಡ ಮಡುವಿದೆಯೆಂಬ ಅನ್ಯಮತದವರ ಮಾತನ್ನು ಒಪ್ಪುವುದಿಲ್ಲ. ಅಲ್ಲಿರುವುದು ಐನೂರು ಧನುಸ್ಸು (ಬಿಲ್ಲಳತೆ) ವಿಸ್ತಾರದ ಒಂದು ಬುಗ್ಗೆ. ಉಷ್ಣಯೋನಿಯ, ಅಂದರೆ ಬಿಸಿಯಲ್ಲಿ ಹುಟ್ಟುವ, ಜೀವಗಳು ಅದರಲ್ಲಿ ಹುಟ್ಟಿ ಅಳಿಯುವುದರಿಂದ ನೀರು ಬಿಸಿ ಎಂಬುದು ಆತನ ವಿವರಣೆ. ಒಂದೇ ನೀರಿನ ಬಗ್ಗೆ ಎರಡು ಪಂಥಗಳು ಎದುರುಬದುರು ನಿಂತ ಈ ವಾದ ರಾಜಗೀರ್ ಇತಿಹಾಸದ ಅಮೂಲ್ಯ ದಾಖಲೆ. ಮಡುವಿನ ಮಾತು ಅಂದು ಜನರ ಬಾಯಲ್ಲಿತ್ತೆಂಬುದೂ ಇದರಿಂದಲೇ ತಿಳಿಯುತ್ತದೆ.

ಏಳನೆಯ ಶತಮಾನದಲ್ಲಿ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಮೊದಲ ಬಾರಿಗೆ ಸ್ಥಳದ ರೂಪವನ್ನು ವಿವರವಾಗಿ ಬರೆದವನು. ಇಮ್ಮಡಿ ಪುಲಕೇಶಿಯ ನಾಡನ್ನು ಬಣ್ಣಿಸಿದ ಯಾತ್ರಿಕನೂ ಇವನೇ. ಹಿಂದೆ ಐನೂರು ಬಿಸಿಬುಗ್ಗೆಗಳಿದ್ದವು, ಈಗ ಕೆಲವು ಹತ್ತುಗಳಷ್ಟು ಮಾತ್ರ ಉಳಿದಿವೆ, ಅವುಗಳಲ್ಲೂ ಕೆಲವು ತಣ್ಣಗಿವೆ ಎಂದು ಸ್ಥಳೀಯರಿಂದ ಕೇಳಿದ್ದನ್ನು ದಾಖಲಿಸುತ್ತಾನೆ. ಬಾಯಿಗಳಲ್ಲಿ ಸಿಂಹದ, ಬಿಳಿಯಾನೆಯ ತಲೆಗಳನ್ನು ಕೆತ್ತಿದ ಕಲ್ಲುಗಳು, ಕೆಳಗೆ ಕಲ್ಲಿನ ತೊಟ್ಟಿಗಳು, ಮಿಂದು ರೋಗ ಕಳೆದುಕೊಳ್ಳಲು ನಾನಾ ದೇಶಗಳಿಂದ ಬಂದ ಜನ, ಎಲ್ಲವನ್ನೂ ಹೇಳುತ್ತಾನೆ. ಬುಗ್ಗೆಗಳು ಕಡಿಮೆಯಾಗುತ್ತಿವೆ ಎಂಬ ಕೊರಗು ಆಗಲೇ ಇತ್ತೆಂಬುದು ಗಮನಾರ್ಹ. ಆದರೆ ಅವನ ಐನೂರನ್ನು ಎಣಿಕೆಯೆಂದು ತೆಗೆದುಕೊಳ್ಳುವುದು ಸರಿಯಲ್ಲ. ಭಗವತೀಸೂತ್ರದಲ್ಲಿ ಅಳತೆಯಾಗಿ ಬರುವ ಐನೂರೇ ಇಲ್ಲಿ ಸಂಖ್ಯೆಯಾಗಿ ಬರುತ್ತದೆ. ಇದು ಸ್ಥಳದ ಸುತ್ತ ಹರಡಿದ್ದ ಐತಿಹ್ಯದ ಅಂಕಿಯಾಗಿರುವುದೇ ಹೆಚ್ಚು ಸಂಭವ.

ಇನ್ನೊಂದು ಗೊಂದಲ ಬೆಟ್ಟದ ಹೆಸರಿನದು. ಈ ಬುಗ್ಗೆಗಳಿರುವುದು ಬೆಟ್ಟಗಳ ನಡುವಿನ ಹಳೆಯ ನಗರದ ಉತ್ತರದ್ವಾರಕ್ಕೆ ಪಶ್ಚಿಮದಲ್ಲಿರುವ ವಿಪುಲದಲ್ಲಿ ಎನ್ನುತ್ತಾನೆ ಯಾತ್ರಿಕ. ಇಂದು ವಿಪುಲವೆನಿಸಿಕೊಂಡಿರುವ ಬೆಟ್ಟ ಆ ದ್ವಾರದ ಪೂರ್ವಕ್ಕಿದೆ, ಪಶ್ಚಿಮದ್ದು ವೈಭಾರ. ರಾಜಗೃಹವನ್ನು ಸುತ್ತುವರಿದ ಐದು ಬೆಟ್ಟಗಳ ಹೆಸರುಗಳು ಪಾಲಿಯಲ್ಲಿ ಒಂದು ಬಗೆ, ಮಹಾಭಾರತದಲ್ಲಿ ಇನ್ನೊಂದು ಬಗೆ. ಆದ್ದರಿಂದ ಯಾತ್ರಿಕ ಕಂಡದ್ದು ಇಂದಿನ ವೈಭಾರದ ಕುಂಡಗಳನ್ನೇ ಎಂದು ತಿಳಿಯುವುದು ಉಚಿತ.

ಮಧ್ಯಕಾಲದಲ್ಲಿ ಸೂಫಿ ಸಂತ ಶರಫುದ್ದೀನ್ ಯಾಹ್ಯಾ ಮನೇರಿ ಇಲ್ಲಿಯ ಕಾಡಿನಲ್ಲಿ ತಪಸ್ಸು ಮಾಡಿದರೆಂಬುದು ಪ್ರಸಿದ್ಧ. ವಿಪುಲದ ಬುಡದ ಶೃಂಗಿಋಷಿ ಕುಂಡ ಮಖ್ದೂಮ್ ಕುಂಡವೆನಿಸಿದ್ದು ಅವರ ನೆನಪಿನಲ್ಲಿ. 1861–62ರ ವರದಿಯಲ್ಲಿ ಪುರಾತತ್ತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಮಾತ್ರ ಈ ಹೆಸರು ಚಿಲ್ಲಾ ಷಾ ಎಂಬ ಸಂತನಿಂದ ಬಂದದ್ದು, ಆತನ ಸಮಾಧಿ ಬುಗ್ಗೆಯ ಬಳಿಯೇ ಇದೆ ಎಂದು ಬರೆದ. ಮನೇರಿಯವರ ಸಮಾಧಿ ಇರುವುದು ಬಿಹಾರ್ ಷರೀಫ್‌ನಲ್ಲಿ. ಸೂಫಿಗಳು ನಲವತ್ತು ದಿನ ಏಕಾಂತದಲ್ಲಿ ಕೂರುವ ಸಾಧನೆಗೆ ಚಿಲ್ಲಾ ಎಂದೇ ಹೆಸರು. ಕನ್ನಿಂಗ್‌ಹ್ಯಾಮ್‌ಗೆ ಸಿಕ್ಕಿದ ಮಾಹಿತಿ ಇಲ್ಲಿ ಕಲಸಿಹೋಗಿರುವಂತೆ ತೋರುತ್ತದೆ.

ಚಳಿಗಾಲ ದಾಖಲೆಯೊಳಗೆ ಸ್ಪಷ್ಟವಾಗಿ ಕಾಲಿಡುವುದು ಫ್ರಾನ್ಸಿಸ್ ಬುಕಾನನ್‌ನೊಂದಿಗೆ. 1800–01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಬರೆದ ಅದೇ ವೈದ್ಯ 1811–12ರ ಚಳಿಗಾಲದಲ್ಲಿ ಪಾಟ್ನಾ ಮತ್ತು ಗಯಾ ಜಿಲ್ಲೆಗಳ ಸಮೀಕ್ಷೆ ನಡೆಸಿ, ರಾಜಗೀರ್‌ನ ಕುಂಡಗಳಿಗೆ ಉಷ್ಣಮಾಪಕ ಇಳಿಸಿದ. ಅವನ ವರದಿಗಳು 1838ರಲ್ಲಿ ಮಾಂಟ್ಗಮೆರಿ ಮಾರ್ಟಿನ್ ಹೆಸರಿನಲ್ಲಿ ಸಂಕ್ಷೇಪವಾಗಿ ಹೊರಬಂದವು. ದಿನಚರಿ ಅಚ್ಚಾದದ್ದು 1925ರಲ್ಲಿ, ವಿ. ಎಚ್. ಜ್ಯಾಕ್ಸನ್ ಸಂಪಾದನೆಯಲ್ಲಿ. ಸಮೀಕ್ಷೆಯ ನಂತರ ನೂರಕ್ಕೂ ಹೆಚ್ಚು ವರ್ಷ ಮೂಲ ದಿನಚರಿ ಓದುಗರಿಗೆ ಸಿಗಲಿಲ್ಲ.

ಕುಂಡಗಳ ಎಣಿಕೆ ಇಂದಿಗೂ ಒಂದೇ ತೆರನಾಗಿಲ್ಲ. ಕನ್ನಿಂಗ್‌ಹ್ಯಾಮ್ ವೈಭಾರದ ಬದಿಯಲ್ಲಿ 7, ವಿಪುಲದ ಬದಿಯಲ್ಲಿ 6 ಹೆಸರಿಸಿದ. ಊರವರ ಲೆಕ್ಕ 22 ಕುಂಡ, 52 ಧಾರೆ. ಅತಿ ಬಿಸಿಯಾದದ್ದು ಸಪ್ತರ್ಷಿ ಕುಂಡವೆಂದು ಕನ್ನಿಂಗ್‌ಹ್ಯಾಮ್ ಬರೆದರೆ, ಈಗಿನ ಬರಹಗಳು ಸುಮಾರು 45 ಡಿಗ್ರಿ ಸೆಲ್ಸಿಯಸ್‌ನ ಬ್ರಹ್ಮಕುಂಡಕ್ಕೆ ಆ ಸ್ಥಾನ ಕೊಡುತ್ತವೆ. ಶಾಖದ ಕಾರಣದ ಬಗ್ಗೆ ಈಗ ವಿವಾದವಿಲ್ಲ. ಮಳೆನೀರು ಬೆಣಚುಶಿಲೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಭೂಗರ್ಭದ ಶಾಖದಿಂದ ಬಿಸಿಯಾಗಿ, ಸ್ತರಭಂಗಗಳ ಮೂಲಕ ಮೇಲೇರುತ್ತದೆ, ಜ್ವಾಲಾಮುಖಿಯ ಸಂಬಂಧವಿಲ್ಲ. ಗಂಧಕದ ನೀರೆಂಬ ಮಾತು ಪದೇಪದೇ ಕೇಳಿಬಂದರೂ, ರಾಜಗೀರ್–ಮುಂಗೇರ್ ವಲಯದ ಬುಗ್ಗೆಗಳಲ್ಲಿ ಕರಗಿದ ಲವಣಾಂಶ ಕಡಿಮೆ.

ಸ್ನಾನಕ್ಕೆ ಚಳಿಗಾಲದ ಗುರುತು ಬಲವಾಗಿ ಅಂಟಿದ್ದು ರೈಲಿನ ನಂತರ. ಭಕ್ತಿಯಾರ್‌ಪುರದಿಂದ ಬಿಹಾರ್ ಷರೀಫ್‌ಗೆ 1903ರಲ್ಲಿ ಬಂದ ಸಣ್ಣ ರೈಲುಮಾರ್ಗ ಮುಂದೆ ರಾಜಗೀರ್ ಮುಟ್ಟಿತು. 1962ರಲ್ಲಿ ಬ್ರಾಡ್‌ಗೇಜ್ ಆಯಿತು. ಹವಾ ಬದಲಾವಣೆಗೆಂದು ಚಳಿಗಾಲದಲ್ಲಿ ತಮ್ಮ ನಾಡಿನ ಪಶ್ಚಿಮದ ಊರುಗಳಿಗೆ ಬರುತ್ತಿದ್ದ ಬಂಗಾಳದ ಮಧ್ಯಮವರ್ಗದವರಿಗೆ ಕುಂಡಗಳು ಹತ್ತಿರವಾದವು. ಇಲ್ಲಿಯ ರತ್ನಗಿರಿ ಬೆಟ್ಟದ ಮೇಲೆ 1969ರಲ್ಲಿ ವಿಶ್ವಶಾಂತಿ ಸ್ತೂಪ ಉದ್ಘಾಟನೆಯಾಯಿತು. ಈಗ ಚಳಿಗಾಲದಲ್ಲಿ ಹೊರದೇಶದ ಬೌದ್ಧ ಯಾತ್ರಿಕರೂ ಬರುತ್ತಾರೆ. ಜನವರಿಯ ಮಕರ ಮೇಳದಲ್ಲಿ, ರಾತ್ರಿಯ ಉಷ್ಣತೆ ಒಂದಂಕಿಗೆ ಇಳಿಯುವ ದಿನಗಳಲ್ಲಿ, ಸುತ್ತಲ ಹಳ್ಳಿಗಳ ಜನ ಸಂಕ್ರಾಂತಿ ಸ್ನಾನಕ್ಕೆ ನೆರೆಯುತ್ತಾರೆ. ಆದರೂ ರಾಜಗೀರ್‌ನ ಅತಿದೊಡ್ಡ ಜಾತ್ರೆ ಚಳಿಗಾಲದ್ದಲ್ಲ. ಎಲ್ಲ ದೇವತೆಗಳೂ ಇಲ್ಲಿ ನೆಲೆಸುತ್ತಾರೆಂದು ನಂಬುವ ಮಲಮಾಸ, ಅಂದರೆ ಅಧಿಕಮಾಸ, ಬಹುಮಟ್ಟಿಗೆ ಬೇಸಿಗೆ ಮಳೆಗಾಲಗಳಲ್ಲೇ ಬೀಳುತ್ತದೆ: 2020ರಲ್ಲಿ ಸೆಪ್ಟೆಂಬರ್–ಅಕ್ಟೋಬರ್, 2023ರಲ್ಲಿ ಜುಲೈ–ಆಗಸ್ಟ್. ಸೆಕೆಯಲ್ಲಿ ಬಿಸಿನೀರಿಗಿಳಿಯುವ ಭಕ್ತರು ವಿನಯಪಿಟಕದ ಆ ವಿನಾಯಿತಿ ಪಟ್ಟಿಗೆ ಹೆಚ್ಚು ಹತ್ತಿರದವರು.

ಈಚಿನ ವರ್ಷಗಳಲ್ಲಿ ಬೇಸಿಗೆಯಲ್ಲಿ ಕೆಲವು ಧಾರೆಗಳು ಸೊರಗುವುದು, ಬತ್ತುವುದು ವರದಿಯಾಗಿದೆ. ಅಂತರ್ಜಲದ ಮೇಲಿನ ಹೊರೆ ಇಳಿಸಲು ಗಂಗೆಯ ನೀರನ್ನು ಕೊಳವೆಯಲ್ಲಿ ತರುವ ಯೋಜನೆ ರಾಜಗೀರ್‌ನಲ್ಲಿ 2022ರ ನವೆಂಬರ್‌ನಲ್ಲಿ ಆರಂಭವಾಯಿತು. ಅದರ ಫಲ ತಿಳಿಯಬೇಕಾದರೆ ಪ್ರತಿ ಕುಂಡದ ಹರಿವು ಮತ್ತು ಉಷ್ಣತೆಯನ್ನು ಎಲ್ಲ ಋತುಗಳಲ್ಲೂ ಅಳೆದು ಪ್ರಕಟಿಸಬೇಕು. ಜನ ತುಂಬಿರುವ ಚಳಿಗಾಲದ ಅಳತೆಯೊಂದೇ ಸಾಲದು.